ಖಾಲಿ ಪೈಪಿನ ಉಸಿರು

ಕಾಕಾನ ಬಲಗಿವಿಯ ಮುಂದೆ, ಅಂಗಾಲಿನ ಆಣಿಯ ಹಾಗೆ, ದುಂಡಗೆ ಗಟ್ಟಿಯಾದ ಒಂದು ಗುರುತಿತ್ತು. ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ನೆಲದಡಿಯ ನೀರಿನ ಪೈಪಿಗೆ ತಾಗಿಸಿ, ಇನ್ನೊಂದು ತುದಿಯ ಗುಂಡನ್ನು ಕಿವಿಗೆ ಒತ್ತಿಕೊಂಡು ಸೋರಿಕೆ ಕೇಳಿ ಕೇಳಿ ಬಿದ್ದ ಗುರುತು ಅದು. ಬೇಗಂ ಬಜಾರಿನ ಹಿಂದಿನ ಗಲ್ಲಿಗಳಿಗೆ ನೀರು ಬಿಡುವ, ಬಂದ್ ಮಾಡುವ ಕೆಲಸ ಅವರದು. ಬೀದರ್ ಕಡೆಯ ಹಳ್ಳಿಯಿಂದ ಗಡಿಯಾಚೆಯ ಈ ಊರಿಗೆ ಕೂಲಿಗೆಂದು ಬಂದು, ಪೈಪಿಗೆ ನೆಲ ಅಗೆಯುತ್ತ ಅಗೆಯುತ್ತ ವಾಲ್ವಿನ ಕೆಲಸಕ್ಕೆ ನಿಂತವರು.

ನಾನು ಮಾದಾಪುರದ ಒಂದು ಕಂಪನಿಯಲ್ಲಿ ಇಂಜಿನಿಯರ್. ಪೈಪುಗಳಿಗೆ ಸೆನ್ಸರ್ ಕೂರಿಸಿ, ಎಲ್ಲಿ ಎಷ್ಟು ಒತ್ತಡವಿದೆ ಎಂಬುದನ್ನು ಕೂತಲ್ಲೇ ಪರದೆಯ ಮೇಲೆ ನೋಡುವುದು ನಮ್ಮ ಕೆಲಸ. ಆ ಗಲ್ಲಿಗಳು ನನ್ನ ಪಾಲಿಗೆ ಬಂದಿದ್ದವು. ಮೊದಲ ದಿನ ವಾಲ್ವಿನ ಗುಂಡಿಯೊಳಗೆ ಇಳಿದು ಬೆವರುತ್ತಿದ್ದಾಗ ಧಾರವಾಡದಿಂದ ಅವ್ವನ ಫೋನು ಬಂತು, ಕನ್ನಡದಲ್ಲೇ ಮಾತಾಡಿದೆ. ಅಲ್ಲಿಯತನಕ ನನ್ನ ಜೊತೆ ಹಿಂದಿಯಲ್ಲಷ್ಟೇ ಮಾತಾಡಿದ್ದ ಮುಖವೊಂದು ಮೇಲಿನಿಂದ ಬಗ್ಗಿ, "ನಮ್ಮವರೇ ಏನ್ರಿ ಸಾಹೇಬ್ರ? ಮ್ಯಾಲ ಬರ್ರಿ, ಚಹಾ ಆರಾಕತ್ತೈತಿ" ಎಂದಿತು. ಅಂದಿನಿಂದ ಅವರು ನನಗೆ ಕಾಕಾ. ನನ್ನ ಪೆಟ್ಟಿಗೆಗಳನ್ನು ಗೇಲಿ ಮಾಡದ ದಿನವಿಲ್ಲ. ಸಲಾಕೆ ಎತ್ತಿ ತೋರಿಸಿ, "ಇದಕ್ಕ ಬ್ಯಾಟರಿ ಬ್ಯಾಡ್ರಿ, ಚಹಾ ಕುಡಿಸಿದ್ರ ನಡೀತೈತಿ" ಎನ್ನುವರು.

ಅವರದೊಂದು ಪದ್ಧತಿಯಿತ್ತು. ವಾಲ್ವ್ ತಿರುಗಿಸಿದ ಮೇಲೆ ಗಲ್ಲಿಯ ಕಡೆಯ ಮನೆಯತನಕ ನಡೆದು ಹೋಗಿ, ನಳಕ್ಕೆ ಬಂದ ನೀರನ್ನು ಮೊದಲು ತಾವು ಒಂದು ಬೊಗಸೆ ಕುಡಿಯುವುದು. ಆಮೇಲೆಯೇ ಹೆಂಗಸರು ಕೊಡ ಹಿಡಿಯುತ್ತಿದ್ದರು. ಯಾಕೆ ಕಾಕಾ ಎಂದರೆ, "ಅಡಗಿ ಮಾಡಿದಾಕಿ ರುಚಿ ನೋಡೂದಿಲ್ಲೇನ್ರಿ?" ಎಂದು ನನ್ನನ್ನೇ ಕೇಳುವರು.

ಇನ್ನೊಂದು ಮಾತನ್ನು ಮಾತ್ರ ನಗದೆ ಹೇಳುತ್ತಿದ್ದರು. "ನೀರು ಹರಿವಾಗ ಎಲ್ಲಾರೂ ಕೇಳ್ತಾರ್ರಿ. ಬಂದ್ ಮಾಡಿದ ಮ್ಯಾಗ ಕೇಳ್ಬೇಕು. ಖಾಲಿ ಪೈಪು ಉಸಿರು ಒಳಗ ಎಳಕೋತೈತಿ. ಬಾಜೂಕ ಗಟಾರ ಇತ್ತಂದ್ರ ಗಟಾರಾನೂ ಎಳಕೋತೈತಿ." ಒಮ್ಮೆ ನನ್ನ ಕಿವಿಗೂ ಸಲಾಕೆ ಹಿಡಿದರು. ನೆಲದಡಿ ಯಾರೋ ಹಲ್ಲು ಕಚ್ಚಿಕೊಂಡು ಉಸಿರೆಳೆದ ಹಾಗೆ ಸಣ್ಣ ಸದ್ದು.

ಇಷ್ಟು ಕೇಳಿಸಿಕೊಂಡೂ ನಾನು ಮಾಡಿದ್ದನ್ನು ಹೇಳಬೇಕು. ಆ ಗಲ್ಲಿಗಳಿಗೆ ದಿನ ಬಿಟ್ಟು ದಿನ ಒಂದೆರಡು ತಾಸು ನೀರು. ಬಂದ್ ಆದ ಕೂಡಲೇ ಒತ್ತಡ ಬಿದ್ದು ಎಲ್ಲ ಸೆನ್ಸರ್‌ಗಳೂ ಒಟ್ಟಿಗೆ ಕೂಗುತ್ತಿದ್ದವು. ನನ್ನ ಫೋನು, ಮೇಲಿನವರ ಫೋನು, ಯಾವುದಕ್ಕೂ ಬಿಡುವಿಲ್ಲ. ನೀರೇ ಬಿಡದಾಗ ನೀರಿಲ್ಲ ಎಂದು ಅರಚುವ ಯಂತ್ರ ಯಾಕಯ್ಯಾ ಎಂದು ಮೇಲಿನವರು ಛೇಡಿಸಿದರು. ಬಂದ್ ಇರುವ ಹೊತ್ತಿನ ಎಚ್ಚರಿಕೆಗಳನ್ನೆಲ್ಲ ನಾನು ಒಂದೇ ಏಟಿಗೆ ನಿಲ್ಲಿಸಿಬಿಟ್ಟೆ. ಆ ಹೊತ್ತಿನಲ್ಲಿ ಸೆನ್ಸರ್ ತನ್ನ ಪಾಡಿಗೆ ಬರೆದಿಡುತ್ತದೆ, ಯಾರನ್ನೂ ಕರೆಯುವುದಿಲ್ಲ. ಪರದೆ ಪೂರಾ ಹಸಿರಾಯಿತು. ಎಲ್ಲರೂ ಶಭಾಶ್ ಎಂದರು.

ಮಳೆಗಾಲದಲ್ಲಿ ಕಾಕಾನ ಫೋನು ಬಂತು. "ಕಡೀ ಮನಿ ನೀರು ಬಾಯಾಗ ಒಂಥರಾ ಆಗಾಕತ್ತೈತ್ರಿ. ನಿಮ್ಮ ಮಶೀನ್ ಏನಂತೈತಿ ನೋಡ್ರಿ."

ನೋಡಿದೆ. ಹಸಿರು. "ಎಲ್ಲಾ ಬರೋಬರಿ ಐತಿ ಕಾಕಾ. ತಂಬಾಕು ಕಡಿಮಿ ಮಾಡ್ರಿ, ಬಾಯಿ ಸರಿ ಹೋಗ್ತೈತಿ" ಎಂದು ನಕ್ಕೆ. ಅವರೂ ನಕ್ಕರು. ಮುಂದಿನ ಸರದಿಗೆ ಮತ್ತೆ ಕುಡಿದು ಮತ್ತೆ ಫೋನ್ ಮಾಡಿದರು. ನಾನು ಮತ್ತೆ ಹಸಿರೆಂದೆ.

ಮೂರನೆಯ ಸಲ ಅವರು ನನ್ನನ್ನು ಕೇಳಲಿಲ್ಲ. ಬೊಗಸೆ ನೀರು ಕುಡಿದವರೇ ಹೋಗಿ ವಾಲ್ವ್ ಬಂದ್ ಮಾಡಿ ಅದರ ಮುಚ್ಚಳದ ಮೇಲೆ ಕೂತುಬಿಟ್ಟರು. ಖಾಲಿ ಕೊಡ ಹಿಡಿದ ಹೆಂಗಸರು ತೆಲುಗು, ಹಿಂದಿ ಎರಡರಲ್ಲೂ ಬೈದರು. ನೀರಿನ ಇಲಾಖೆಯವರು ನನ್ನ ವರದಿ ಕೇಳಿದರು. ಪೈಪಿನಲ್ಲಿ ದೋಷ ಕಂಡುಬಂದಿಲ್ಲ ಎಂದು ಬರೆದೆ. ಆ ಒಂದು ಸಾಲಿನ ಬಲದ ಮೇಲೆ, ಅಪ್ಪಣೆಯಿಲ್ಲದೆ ನೀರು ನಿಲ್ಲಿಸಿದ್ದಕ್ಕೆ ಅವರ ಕೈಗೆ ನೋಟಿಸು ಬಂತು. ಅದನ್ನು ಮಡಚಿ ಅಂಗಿ ಜೇಬಿಗೆ ಹಾಕಿಕೊಂಡು, ಪರಿಚಯದ ಇಬ್ಬರು ಕೂಲಿಗಳನ್ನು ಕರೆಸಿ ಕಡೆಯ ಮನೆಯ ಮುಂದೆ ಅಗೆಸಿದರು. ಹಳೆಯ ಜೋಡಣೆ ಬಾಯಿಬಿಟ್ಟುಕೊಂಡು ಗಟಾರದ ಕಪ್ಪು ನೀರಿನೊಳಗೆ ಮುಳುಗಿತ್ತು. ಬೈದ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಹೋಗಿ, ತುಂಬಿಟ್ಟಿದ್ದ ನೀರನ್ನೆಲ್ಲ ಚೆಲ್ಲಿದರು.

ಅಂದು ಸಂಜೆ ಸೆನ್ಸರ್ ಬರೆದಿಟ್ಟಿದ್ದನ್ನು ತೆಗೆದು ನೋಡಿದೆ. ಕಾಕಾ ಮೊದಲ ಸಲ ಫೋನ್ ಮಾಡುವುದಕ್ಕೂ ಮುಂಚಿನಿಂದ, ಪ್ರತಿ ಸಲ ಬಂದ್ ಆದಾಗಲೂ, ಗೆರೆ ಸೊನ್ನೆಗಿಂತ ಕೆಳಗೆ ಜಾರಿತ್ತು, ಪೈಪು ಉಸಿರು ಒಳಗೆ ಎಳೆದುಕೊಂಡ ಗುರುತು. ಅಲ್ಲೇ, ಅದೇ ಜಾಗದಲ್ಲಿ. ಯಂತ್ರಕ್ಕೆ ಎಲ್ಲವೂ ಗೊತ್ತಿತ್ತು. ಅದರ ಬಾಯಿ ಕಟ್ಟಿದವನು ನಾನು. ಎಚ್ಚರಿಕೆಗಳನ್ನು ಮತ್ತೆ ಶುರು ಮಾಡಿದೆ, ಯಾರಿಗೂ ಕಾರಣ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಗಲ್ಲಿಯಲ್ಲಿ ಕೆಲವರಿಗೆ ಹೊಟ್ಟೆ ಕೆಟ್ಟು ವಾಸಿಯಾಯಿತು. ಕಾಕಾನ ಕಣ್ಣು ಮಾತ್ರ ತಿಂಗಳೊಪ್ಪತ್ತಿನಲ್ಲಿ ಹಳದಿಯಾಯಿತು. ಲಿವರ್ ಮೊದಲೇ ಸೋತಿತ್ತು ಎಂದರು ಡಾಕ್ಟರು. ಇರಬಹುದು. ಆ ಮಾತನ್ನು ಹಿಡಿದುಕೊಂಡು ಬದುಕಲು ನಾನೂ ನೋಡಿದ್ದೇನೆ. ಆಗುವುದಿಲ್ಲ. ಈಗಲೂ ಮನೆಯ ನಳದಲ್ಲಿ ನೀರು ನಿಂತು ಒಳಗೆ ಗಾಳಿ ಎಳೆಯುವ ಸದ್ದಾದರೆ ಊಟದ ತಟ್ಟೆ ಬಿಟ್ಟು ಏಳುತ್ತೇನೆ. ಏನೆಂದು ಕೇಳುವುದನ್ನು ಹೆಂಡತಿ ಬಿಟ್ಟಿದ್ದಾಳೆ.

ಎಲ್ಲ ಹೇಳಿಬಿಡಬೇಕೆಂದೇ ದವಾಖಾನೆಗೆ ಹೋಗಿದ್ದೆ. ಕಾಕಾ ನನ್ನ ಕೈ ಹಿಡಿದುಕೊಂಡು, "ಅಗಿಸಿದ್ದಕ್ಕ ನಿಮಗ ಆಫೀಸಿನ್ಯಾಗ ಮಾತು ಬಂತೇನ್ರಿ?" ಎಂದು ಕೇಳಿದರು. ಇಲ್ಲ ಎಂದೆ. "ಚಲೋ ಆತು ಬಿಡ್ರಿ" ಎಂದು ಕಣ್ಣು ಮುಚ್ಚಿದರು. ನಾನು ಮೋಸಂಬಿ ಸುಲಿಯುತ್ತ ಕೂತು, ಸುಲಿದದ್ದನ್ನು ಅಲ್ಲೇ ಇಟ್ಟು, ಎದ್ದು ಬಂದೆ. ಮತ್ತೆ ಅವರ ದನಿ ಕೇಳಲಿಲ್ಲ.

ಕಾಕಾ ತೀರಿಕೊಂಡ ಮೂರನೆಯ ದಿನ ಅವರ ಮನೆಗೆ ಹೋದೆ. ಕಾಕಿ ನನ್ನನ್ನು ಚಾಪೆಯ ಮೇಲೆ ಕೂರಿಸಿ, ಬಂದಿದ್ದ ನೆಂಟರಿಗೆ, ಇವರೇ ಮಶೀನಿನ ಸಾಹೇಬ್ರು ಎಂದು ತೋರಿಸಿದರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಮಂದಿ ನಿಮ್ಮನ್ನ ಅಂದ್ರ ಅವರಿಗೆ ಭಾಳ ಸಿಟ್ಟು ಬರ್ತಿತ್ತು ತಮ್ಮಾ. ಮಶೀನಿಗೆ ಗೊತ್ತಾಗಿದ್ರ ಆ ಹುಡುಗ ಓಡಿ ಬರ್ತಿದ್ದ, ಬಿಡವನಲ್ಲ ಅಂತ ಕಡೀತನಕ ಅಂದ್ರು. ಹೌದಲ್ರಿ?"

"ಹೌದ್ರಿ ಕಾಕಿ" ಎಂದೆ.