ಪ್ರೇಮಕ್ಕನ ಹೆಸರಿನಲ್ಲಿ ನಾನು ಒತ್ತಿದ ‘ಸರಿಯಿದೆ’

ಗಿರಾಕಿಯಿಂದ ವಾಪಸ್ ಬಂದ ಆ ಬಿದರಿ ಹೂದಾನಿಯ ಡಬ್ಬಿಯನ್ನು ಬಿಚ್ಚಿಯೂ ನೋಡದೆ, ಕಂಪ್ಯೂಟರಿನಲ್ಲಿ ‘ಸರಿಯಿದೆ’ ಎಂದು ಒತ್ತಿದವನು ನಾನು, ಪ್ರೇಮಕ್ಕ. ನಿಮ್ಮ ಹೆಸರಿನಲ್ಲಿ ಒತ್ತಿದೆ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡೆ — ಸಂಶಯ ನಿಮ್ಮ ಮೇಲೆ ಬೀಳುವಾಗ ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.

ಮೈಲೂರಿನ ಆ ಗೋದಾಮಿನಲ್ಲಿ, ಆನ್‌ಲೈನ್ ಅಂಗಡಿಯ ಮ್ಯಾನೇಜರ್ ಆಗಿ, ಯಾರ ಕೆಲಸ ಎಲ್ಲಿಯವರೆಗೆ ಎಂದು ಗೆರೆ ಹಾಕಿದವನೂ ನಾನೇ. ಪ್ಯಾಕ್ ಮಾಡುವವರು ವಾಪಸ್ ಮಾಲು ಮುಟ್ಟಬಾರದು. ಅದನ್ನು ಬಿಚ್ಚಿ ನೋಡಿ ಒಪ್ಪುವವರು ನೀವೊಬ್ಬರೇ. ಒಬ್ಬೊಬ್ಬರಿಗೂ ಒಂದೊಂದು ಪಾಸ್‌ವರ್ಡ್. ಯಾರನ್ನೂ ನಂಬಬೇಡ ಎಂಬುದೇ ಆ ಏರ್ಪಾಡಿನ ತಿರುಳು. ಮಾಲೀಕರೆದುರು ಅದನ್ನು ವಿವರಿಸುವಾಗ ನನಗೆ ಎಂಥ ಜಂಬ! ಆದರೆ ವಾಪಸ್ ಮಾಲಿನ ಕೊರಿಯರ್ ಗಾಡಿ ಬರುವಷ್ಟರಲ್ಲಿ ನಿಮ್ಮೂರು ಔರಾದಕ್ಕೆ ಹೋಗುವ ಬಸ್ಸಿನ ಹೊತ್ತಾಗಿರುತ್ತಿತ್ತು. ಮಾಲು ಮರುದಿನಕ್ಕೆ ಉಳಿದರೆ ಬೈಗುಳ ನನಗೆ. ನಿಮ್ಮ ಪಾಸ್‌ವರ್ಡ್ ಕೇಳಿದೆ. ನೀವು ನಕ್ಕಿರಿ.

“ತಗೋರಿ ಸರ್. ನಿಮ್ಮ ಕೈ ಬ್ಯಾರಿ, ನನ್ನ ಕೈ ಬ್ಯಾರಿ ಏನ್ರಿ? ಆದ್ರ ಬಿಚ್ಚಿ ನೋಡಿ ಒತ್ತರಿ ಮತ್ತ.”

ಬಿಚ್ಚಿ ನೋಡಲಿಲ್ಲ. ಮನೆಗೆ ಹೋಗುವ ಆತುರ... ಸೋಮಾರಿತನ, ಅಷ್ಟೇ.

ಕೆಲವು ದಿನಗಳ ಮೇಲೆ ಪ್ಯಾಕಿಂಗಿನ ಹುಡುಗಿ ಅದೇ ಡಬ್ಬಿ ತೆರೆದಳು. ಹೂದಾನಿ ಇಲ್ಲ, ಒಳಗೆ ಕರಿ ಬಣ್ಣ ಬಳಿದ ತಗಡಿನ ಚೊಂಬು. ಗಿರಾಕಿಯೇ ಬದಲಿಸಿ ಕಳಿಸಿರಬೇಕು. ಆದರೆ ಪರದೆಯ ಮೇಲೆ ನಿಮ್ಮ ಹೆಸರಿತ್ತು, ಪಕ್ಕದಲ್ಲಿ ‘ಸರಿಯಿದೆ’ ಎಂದಿತ್ತು. ಮಾಲೀಕರು ಮತ್ತೇನನ್ನೂ ಕೇಳಲಿಲ್ಲ.

“ಇದು ಒಳಗಿನ ಮಂದಿದೇ ಕೆಲಸ ಅದ. ಆಕಿ ಚೀಲ ತೆಗಿಸು.”

ತೆಗೆಸಿದೆ. ಎಲ್ಲರೆದುರು ಮೇಜಿನ ಮೇಲೆ ನಿಮ್ಮ ರೊಟ್ಟಿ ಡಬ್ಬಿ, ಬಸ್ ಪಾಸು, ಚರ್ಚಿನ ಹಾಡಿನ ಪುಸ್ತಕ. ನೀವು ನನ್ನನ್ನೇ ನೋಡುತ್ತಿದ್ದಿರಿ — ನಾನು ಹೇಳುತ್ತೇನೆಂದು ಕಾಯುತ್ತಿದ್ದಿರಿ.

“ಸರ್, ನೀವರೆ ಹೇಳ್ರಿ.”

ನಾನು ಹೇಳಿದ್ದೇನು? “ಅಕ್ಕಾರು ಯಾವಾಗ್ಲೂ ಬಸ್ಸಿನ ಅವಸರದಾಗ ಇರ್ತಾರ್ರಿ.” ಅಷ್ಟು ಸಾಕಾಯಿತು. ನಿಮ್ಮ ಕೆಲಸ ಹೋಯಿತು. ಕಳ್ಳಿ ಎಂಬ ಮಾತು ನಿಮಗಿಂತ ಮೊದಲೇ ಔರಾದ ಮುಟ್ಟಿತಂತೆ.

ಇನ್ನೂ ಕೆಟ್ಟದ್ದನ್ನು ಹೇಳಿಬಿಡುತ್ತೇನೆ. ಆಮೇಲೆ ನಾನೇ ನಿಮ್ಮನ್ನು ಸಂಶಯಿಸಲು ನೋಡಿದೆ. ನೀವು ಒಪ್ಪಿದ್ದ ಹಳೆಯ ಡಬ್ಬಿಗಳನ್ನೆಲ್ಲ ಒಂದೊಂದಾಗಿ ಬಿಚ್ಚಿದೆ. ಒಂದೇ ಒಂದು ಖೋಟಾ ಮಾಲು ಸಿಕ್ಕಿದ್ದರೆ ನನ್ನ ಎದೆ ಎಷ್ಟು ಹಗುರಾಗುತ್ತಿತ್ತು! ಸಿಗಲಿಲ್ಲ. ಅಲ್ಲಿಂದ ಎಲ್ಲರ ಮೇಲೂ ಅನುಮಾನ: ಅಂದು ನಾನು ನಿಮ್ಮ ಕುರ್ಚಿಯಲ್ಲಿ ಕೂತದ್ದನ್ನು ಯಾರಾದರೂ ಕಂಡರೇ, ಪ್ಯಾಕಿಂಗಿನ ಆ ಹುಡುಗಿ ಯಾಕೆ ಹಾಗೆ ನೋಡಿದಳು... ಇಬ್ಬರು ಪಿಸುಗುಟ್ಟಿದರೆ ನನ್ನದೇ ಮಾತು ಅನ್ನಿಸುತ್ತಿತ್ತು.

ಮೊನ್ನೆ ಭಾಲ್ಕಿ ಬಸ್ ನಿಲ್ದಾಣದಲ್ಲಿ ನೀವು ಸಿಕ್ಕಿರಿ. ನಾನು ಕೈ ಮುಗಿಯುವ ಮೊದಲೇ ಚೀಲದ ಜಿಪ್ಪು ಎಳೆದು ನನ್ನೆದುರು ಹಿಡಿದಿರಿ.

“ನೋಡ್ಕೋರಿ ಸರ್. ಮತ್ತ ಸಂಶಯ ಬ್ಯಾಡ.”

ಅಯ್ಯೋ, ಪ್ರೇಮಕ್ಕ — ಆಗಲೂ ನಿಜ ಹೇಳದೆ ನನ್ನ ಬಸ್ಸು ಹತ್ತಿಬಿಟ್ಟೆ.

ಇವತ್ತು ಬೆಳಿಗ್ಗೆ ಮಾಲೀಕರಿಗೆ ಎಲ್ಲ ಹೇಳಿದೆ. ನಾಳೆ ಅದೇ ಮೇಜಿನ ಪಕ್ಕ ನಿಂತು, ಅಂದು ನೋಡಿದವರಿಗೆಲ್ಲ ಹೇಳುತ್ತೇನೆ. ನಾಡಿದ್ದು ಔರಾದಕ್ಕೆ ಬರುತ್ತೇನೆ. ಕ್ಷಮೆ ಕೇಳುವ ಮುಖ ನನಗಿಲ್ಲ. ನೀವು ಬಾಗಿಲು ತೆರೆಯುವುದೂ ಬೇಡ. ನಿಮ್ಮ ಓಣಿಯಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ, ಪ್ರೇಮಕ್ಕ ಏನೂ ಕದ್ದಿಲ್ಲ ಎಂದು ಹೇಳುತ್ತೇನೆ.