ಕೋಲ್ಲೆಗೆ ಒಂದೇ ಟಿಕೆಟ್

ಫ್ಲಾರೆನ್ಸಿನ ಪ್ರವಾಸಿ ಬಸ್ಸಿನವರ ನಡುವೆ ಫೋಸ್ಕಾಳ ಗಂಟಲಿಗೆ ದೊಡ್ಡ ಹೆಸರಿತ್ತು. ಸಿಯೆನಾದ ಚೌಕದ ಒಂದು ತುದಿಯಲ್ಲಿ ನಿಂತು ಅವಳು ‘ಹೊರಡೋಣ’ ಎಂದರೆ, ಇನ್ನೊಂದು ತುದಿಯಲ್ಲಿ ಐಸ್‌ಕ್ರೀಮು ತಿನ್ನುತ್ತಿದ್ದವರು ಬಾಯಿ ಒರೆಸಿಕೊಳ್ಳುತ್ತ ಓಡಿ ಬರುತ್ತಿದ್ದರು. ಅವಳ ತಾಯಿ ಮಾರುಕಟ್ಟೆಯಲ್ಲಿ ಮೀನು ಮಾರಿ ಬದುಕಿದವಳು. ಮಗಳಿಗೆ ಬಂದ ಆಸ್ತಿಯೆಂದರೆ ಆ ಕಂಠವೊಂದೇ. ಬಸ್ಸಿನ ಡ್ರೈವರ್ ಗ್ವಾಲ್ತಿಯೇರೊ ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ‘ಕಹಳೆ’ ಎನ್ನುತ್ತಿದ್ದ.

ಇಪ್ಪತ್ತೆರಡು ವರ್ಷ ಅವಳು ಗೈಡ್ ಆಗಿದ್ದಳು. ಬೆಳಗ್ಗೆ ಎಂಟಕ್ಕೆ ಬಸ್ಸು ಹೊರಟರೆ ಸಂಜೆ ಏಳಕ್ಕೆ ವಾಪಸ್ಸು. ನಡುವೆ ಸಿಯೆನಾ, ಸಾನ್ ಜಿಮಿಞಾನೊ, ಕೆಲವು ದಿನ ವೋಲ್ತೆರ್ರಾ. ಇಲ್ಲಿ ನಲವತ್ತು ನಿಮಿಷ, ಅಲ್ಲಿ ಒಂದು ಗಂಟೆ. ಮದುವೆಯ ಮಾತು ಎರಡು ಸಲ ಬಂದು ಹೋಯಿತು. ಒಂದೇ ಒಂದು ಭಾನುವಾರವೂ ಮನೆಯಲ್ಲಿರದ ಹೆಂಗಸಿಗಾಗಿ ಯಾರು ಎಷ್ಟು ದಿನ ಕಾದಾರು?

ಗೈಡಿಲ್ಲದೆ ತಾವೇ ಊರು ನೋಡಲು ಬರುವವರನ್ನು ಕಂಡರೆ ಅವಳಿಗೆ ಅಯ್ಯೋ ಪಾಪ ಎನಿಸುತ್ತಿತ್ತು. ಮಧ್ಯಾಹ್ನ ಒಂದು ಗಂಟೆಗೆ ಬಾಗಿಲು ಹಾಕಿದ ಚರ್ಚಿನ ಮುಂದೆ, ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ನಿಂತಿರುತ್ತಿದ್ದರಲ್ಲ, ಅಂಥವರು. ಬಸ್ಸಿನ ಕಿಟಕಿಯಿಂದ ಅವರನ್ನು ತೋರಿಸಿ, “ನೋಡಿ, ಕುರುಬ ಇಲ್ಲದ ಕುರಿಗಳು!” ಎಂದು ಮೈಕಿನಲ್ಲಿ ಹೇಳುವಳು. ಬಸ್ಸಿಗೆ ಬಸ್ಸೇ ನಗುತ್ತಿತ್ತು.

ಐವತ್ತೊಂದನೆಯ ವಯಸ್ಸಿನಲ್ಲಿ ಅವಳ ಕತ್ತಿನಲ್ಲಿ ಗಡ್ಡೆ ಕಂಡಿತು. ತೆಗೆದರು. ಅವಳ ಪುಣ್ಯ, ಕೆಟ್ಟ ಗಡ್ಡೆಯಲ್ಲ. ಆದರೆ ಅದು ಧ್ವನಿಯ ನರಕ್ಕೆ ಸುತ್ತಿಕೊಂಡೇ ಬೆಳೆದಿತ್ತು. ಜೀವ ಉಳಿಯಿತು, ಕಂಠ ಹೋಯಿತು. ಉಳಿದದ್ದು ಅರ್ಧ ಮಾತು ಅರ್ಧ ಉಸಿರಿನ ಒಂದು ಪಿಸುದನಿ. ಎದುರಿಗೆ ನಿಂತವರಿಗಷ್ಟೇ ಅದು ಕೇಳುತ್ತಿತ್ತು.

ಚಿಕ್ಕಪ್ಪನ ಮಗ ಅಲ್ವಾರೊ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಸಿಗರೇಟು, ಅಂಚೆಚೀಟಿ, ಬಸ್ ಟಿಕೆಟ್ ಮಾರುವ ಅಂಗಡಿ ಇಟ್ಟಿದ್ದ. ಅಲ್ಲಿ ಅವಳನ್ನು ಕೂರಿಸಿದ. “ಮಾತಾಡೋದೇ ಬೇಡ ಕಣೆ. ಟಿಕೆಟ್ ಕೊಡು, ಚಿಲ್ಲರೆ ಕೊಡು, ಅಷ್ಟೇ” ಎಂದ. ಆದರೆ ಆ ಕಿಟಕಿಗೆ ಬರುವವರು ಸುಮ್ಮನಿರಬೇಕಲ್ಲ? ದಿನಕ್ಕೆ ಇಪ್ಪತ್ತು ಜನ ಒಂದೇ ಪ್ರಶ್ನೆ ಕೇಳುತ್ತಿದ್ದರು: ಗೈಡ್ ಬಸ್ಸಲ್ಲಿ ಹೋಗೋದು ವಾಸಿಯೋ, ನಾವೇ ಹೋಗೋದು ವಾಸಿಯೋ? ಫೋಸ್ಕಾ ‘ಗೈಡ್ ಬಸ್ಸು’ ಎಂದು ಪಿಸುಗುಟ್ಟಿದರೆ, “ಏನಂದ್ರಿ? ಜೋರಾಗಿ ಹೇಳಿ!” ಎಂದು ಅವರು ಕಿವಿ ಮುಂದಕ್ಕೆ ತರುವರು. ಮೂರನೆಯ ಸಲಕ್ಕೆ ಅವಳು ಸುಮ್ಮನೆ ಗೈಡ್ ಬಸ್ಸಿನ ಚೀಟಿ ತಳ್ಳಿಬಿಡುತ್ತಿದ್ದಳು.

ಸೆಪ್ಟೆಂಬರಿನ ಒಂದು ಬೆಳಗ್ಗೆ ಆ ಕಿಟಕಿಯ ಮುಂದೆ ಇಬ್ಬರು ಅಕ್ಕತಂಗಿಯರು ಜಗಳಕ್ಕೆ ನಿಂತರು. ಇಬ್ಬರಿಗೂ ಅರವತ್ತು ದಾಟಿತ್ತು. ತಂಗಿ ದೆಲ್ಫೀನಾ ಶಾಲೆಯ ಗುಮಾಸ್ತೆಯಾಗಿ ನಿವೃತ್ತಳಾದವಳು. ಕೈಚೀಲವನ್ನು ಎದೆಗೆ ಅವುಚಿಕೊಂಡಿದ್ದಳು. ಅಕ್ಕ ಎರ್ಸೀಲಿಯಾ ನಲವತ್ತು ವರ್ಷ ಕೈಗವಸು ಹೊಲಿದವಳು. ಆರು ವರ್ಷದಿಂದ ಅವಳ ಕಣ್ಣು ಸ್ವಲ್ಪ ಸ್ವಲ್ಪವೇ ಹೋಗುತ್ತ, ಈಗ ಪೂರ್ತಿ ಹೋಗಿತ್ತು.

“ವೋಲ್ತೆರ್ರಾಗೆ ಗೈಡ್ ಇರೋ ಬಸ್ಸಲ್ಲಿ ಎರಡು ಸೀಟು” ಎಂದಳು ದೆಲ್ಫೀನಾ.

“ಕೊಡ್ಬೇಡಿ. ಮಾಮೂಲಿ ಬಸ್ಸಿನ ಟಿಕೆಟ್ ಕೊಡಿ” ಎಂದಳು ಎರ್ಸೀಲಿಯಾ. “ಹೋದ ವರ್ಷ ಗೈಡ್ ಹಿಂದೆ ಹೋಗಿದ್ದೆ. ಎಡಗಡೆ ನೋಡಿ, ಬಲಗಡೆ ನೋಡಿ ಅಂತ ಒಂದೇ ಸಮ. ನಾನೂ ಮರ್ಯಾದೆಗೆ ಅಂತ ಎರಡೂ ಕಡೆ ನೋಡ್ದೆ. ಎರಡೂ ಕಡೆ ಒಂದೇ ಥರ ಇತ್ತು.”

“ಮಾಮೂಲಿ ಬಸ್ಸಾದ್ರೆ ಕೋಲ್ಲೇಲಿ ಇಳಿದು ಇನ್ನೊಂದು ಹತ್ಬೇಕು. ದಾರಿ ತಪ್ಪಿದ್ರೆ ಏನೇ ಮಾಡ್ತೀಯ?”

“ತಪ್ಪೋದು ನಿಂಗೆ. ನಂಗೆ ಎಲ್ಲಾ ದಾರೀನೂ ಒಂದೇ.”

ಹಿಂದಿನ ಸಾಲಿನವರು ಗೊಣಗತೊಡಗಿದರು. ಫೋಸ್ಕಾ ಕಿಟಕಿಯಿಂದ ಬಗ್ಗಿ, “ಅಮ್ಮಾ, ಸಾಲು ಬೆಳೀತಾ ಇದೆ. ಏನಾದ್ರೂ ಒಂದು ನಿರ್ಧಾರ ಮಾಡಿ” ಎಂದಳು.

ಎರ್ಸೀಲಿಯಾ ತಟ್ಟನೆ ಅತ್ತ ತಿರುಗಿದಳು. “ಇದ್ಯಾರದ್ದು ಈ ಧ್ವನಿ? ಹಳೇ ರೇಷ್ಮೆ ಥರ ಇದೆ. ಇನ್ನೊಂದ್ಸಲ ಮಾತಾಡಿ.”

ಫೋಸ್ಕಾಳಿಗೆ ಆಸ್ಪತ್ರೆಯಿಂದ ಬಂದ ಮೇಲೆ ಜೋರಾಗಿ ಮಾತಾಡು ಎಂದವರು ಎಷ್ಟೋ ಜನ. ಇನ್ನೊಮ್ಮೆ ಮಾತಾಡು ಎಂದವರು ಯಾರೂ ಇರಲಿಲ್ಲ. ಅವಳ ಬಾಯಿಂದ ಹೊರಟ ಮಾತು ಅವಳನ್ನೇ ಬೆಚ್ಚಿಬೀಳಿಸಿತು: “ಬುಧವಾರ ನಂಗೆ ರಜ. ಬೇಕಾದ್ರೆ ನಾನೇ ಜೊತೇಲಿ ಬರ್ತೀನಿ. ಮಾಮೂಲಿ ಬಸ್ಸಲ್ಲಿ.”

ಬುಧವಾರ ಮೂವರೂ ಹೊರಟರು. ದೆಲ್ಫೀನಾ ನಾಲ್ಕು ಮೊಟ್ಟೆ ಬೇಯಿಸಿ, ರೊಟ್ಟಿಯ ನಡುವೆ ಮಾಂಸ ಇಟ್ಟು, ಹಠಾತ್ತನೆ ಚಳಿಯಾದರೆ ಇರಲೆಂದು ಮೂರು ಸ್ವೆಟರು ತುಂಬಿಕೊಂಡು ಬಂದಿದ್ದಳು. ಕೋಲ್ಲೆಯಲ್ಲಿ ಇಳಿದರು. ವೋಲ್ತೆರ್ರಾ ಬಸ್ಸು ಇರಲಿಲ್ಲ. ಫೋಸ್ಕಾ ವೇಳಾಪಟ್ಟಿಯ ಹತ್ತಿರ ಹೋಗಿ ಮೂಗು ಇಟ್ಟು ಓದಿದಳು. ಅವಳು ನೋಡಿಕೊಂಡು ಬಂದಿದ್ದ ಬಸ್ಸು ಶಾಲೆ ಇದ್ದ ದಿನ ಮಾತ್ರ ಓಡುವುದಾಗಿತ್ತು. ಶಾಲೆ ಇನ್ನೂ ತೆರೆದಿರಲಿಲ್ಲ. ಮುಂದಿನ ಬಸ್ಸಿಗೆ ಇನ್ನೂ ಮೂರು ಗಂಟೆ ಕಾಯಬೇಕು. ಅದನ್ನು ಹಿಡಿದರೆ ಅಲ್ಲಿಂದ ಅಂದೇ ಮರಳುವ ಹಾಗಿಲ್ಲ. ಇಪ್ಪತ್ತೆರಡು ವರ್ಷ ಜನರನ್ನು ಊರೂರು ತಿರುಗಿಸಿದವಳಿಗೆ ಒಂದು ವೇಳಾಪಟ್ಟಿ ಓದಲು ಬರಲಿಲ್ಲ. ಕಿವಿಯವರೆಗೂ ಕೆಂಪಾದಳು.

“ನಾನು ಹೇಳಿರ್ಲಿಲ್ವಾ? ಬಡ್ಕೊಂಡಿರ್ಲಿಲ್ವಾ?” ದೆಲ್ಫೀನಾ ಬೆಂಚಿನ ಮೇಲೆ ಕುಸಿದಳು.

“ಇದು ಯಾವೂರು?” ಎಂದಳು ಎರ್ಸೀಲಿಯಾ.

“ಕೋಲ್ಲೆ.”

“ಇಲ್ಲಿ ಏನಿದೆ?”

ಫೋಸ್ಕಾ ಬಾಯಿ ತೆರೆದಳು. ಈ ಊರಿನ ಪಕ್ಕದಿಂದ ಸಾವಿರಾರು ಸಲ ಹಾದುಹೋಗಿದ್ದಳು. ‘ಬಲಗಡೆ ಕೋಲ್ಲೆ, ಇಲ್ಲಿ ಗಾಜು ಮಾಡುತ್ತಾರೆ’ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ತಿರುವು ದಾಟಿರುತ್ತಿತ್ತು. ಒಂದು ಸಲವೂ ಇಳಿದಿರಲಿಲ್ಲ.

“ನಂಗೆ ಗೊತ್ತಿಲ್ಲ” ಎಂದಳು. ಪ್ರವಾಸಕ್ಕೆ ಬಂದವರ ಮುಂದೆ ಅವಳು ಈ ಮಾತು ಆಡಿದ್ದು ಅದೇ ಮೊದಲು.

ಎರ್ಸೀಲಿಯಾ ಗಟ್ಟಿಯಾಗಿ ನಕ್ಕಳು. “ಒಳ್ಳೇದಾಯ್ತು. ಹಾಗಾದ್ರೆ ನಮ್ಮನ್ನ ಬೇಗ ಬೇಗ ಅನ್ನೋರು ಯಾರೂ ಇಲ್ಲ.”

ಹಳೆಯ ಊರು ಗುಡ್ಡದ ಮೇಲಿತ್ತು. ಬಂಡೆ ಕೊರೆದು ಕೂರಿಸಿದ ಲಿಫ್ಟಿನಲ್ಲಿ ಹತ್ತಿದರು. ಮೇಲೆ ಉದ್ದಕ್ಕೆ ಒಂದೇ ಬೀದಿ. ಫೋಸ್ಕಾ ಹಳೆಯ ಚಾಳಿಯಂತೆ ಒಂದು ಅರಮನೆಯ ಗೋಡೆಯ ಮೇಲಿದ್ದ ಇಸವಿಯನ್ನು ಓದಿ ಹೇಳಿದಳು.

“ಇಸವಿ ಬೇಡ ಕಣಮ್ಮ” ಎಂದಳು ಎರ್ಸೀಲಿಯಾ. “ಬೀದಿ ಎಷ್ಟು ಅಗಲ ಇದೆ ಹೇಳು. ಬಟ್ಟೆ ಒಣಗಾಕಿದಾರಾ? ಯಾರ್ದು?”

ಫೋಸ್ಕಾ ನಿಂತು ನೋಡಿದಳು. ಇಬ್ಬರು ಕೈ ಚಾಚಿ ನಿಂತರೆ ಎರಡೂ ಗೋಡೆ ಮುಟ್ಟಬಹುದು ಎಂದಳು. ಮೂರನೆಯ ಮಹಡಿಯಲ್ಲಿ ಒಂದು ದೊಡ್ಡ ಗಂಡಸಿನ ಅಂಗಿ, ಪಕ್ಕದಲ್ಲಿ ಪುಟ್ಟ ಪುಟ್ಟ ಏಳು ಕಾಲುಚೀಲ. ಎಂಟನೆಯದು ಕಾಣುತ್ತಿಲ್ಲ ಎಂದಳು. ಹೀಗೆ ಹೇಳಲು ಕೂಗಬೇಕಾದ್ದೇ ಇರಲಿಲ್ಲ. ಅವಳ ತೋಳಿಗೆ ಆತುಕೊಂಡು ನಡೆಯುತ್ತಿದ್ದವಳ ಕಿವಿ ಅಲ್ಲೇ ಇತ್ತು.

ಒಂದು ಕಮಾನಿನ ಕೆಳಗೆ ಗಾಜು ಕೆತ್ತುವ ಮುದುಕನ ಅಂಗಡಿ ಸಿಕ್ಕಿತು. ಆತ ಒಂದು ಲೋಟವನ್ನು ಒರೆಸಿ ಎರ್ಸೀಲಿಯಾಳ ಕೈಗಿಟ್ಟ. ಅವಳು ಬೆರಳ ತುದಿಯನ್ನು ಅಂಚಿನ ಕೆತ್ತನೆಯುದ್ದಕ್ಕೂ ಹರಿಸಿ ಒಂದೆಡೆ ನಿಲ್ಲಿಸಿದಳು.

“ಇಲ್ಲೊಂದು ಹೊಲಿಗೆ ಜಾರಿದೆ.”

ಮುದುಕ ಲೋಟವನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದ. ಕನ್ನಡಕ ಹಾಕಿ ನೋಡಿದ. ಆಮೇಲೆ ಭೂತಗನ್ನಡಿ ತಂದು ನೋಡಿದ. “ಥತ್! ನನ್ನ ಮಗನಿಗೂ ಇದು ಕಂಡಿರ್ಲಿಲ್ಲ” ಎಂದ. ಆಮೇಲೆ ಅಂಗಡಿಯಲ್ಲಿದ್ದ ಲೋಟಗಳನ್ನೆಲ್ಲ ಒಂದೊಂದಾಗಿ ತಂದು ಅವಳ ಮುಂದಿಟ್ಟ. ಎರಡು ಗಂಟೆ ಅಲ್ಲೇ ಕಳೆಯಿತು. ದೆಲ್ಫೀನಾ ಮೂಲೆಯ ಕುರ್ಚಿಯಲ್ಲಿ ಕೈಚೀಲ ಅವುಚಿಕೊಂಡೇ ನಿದ್ದೆ ಹೋದಳು. ಸಂಜೆ ಬಸ್ಸಿಗೆ ಇಳಿಯುವಾಗ ಅವಳೇ ಕೇಳಿದಳು: “ಮುಂದಿನ ಬುಧವಾರ ಎಲ್ಲಿಗೆ?”

ಆ ಚಳಿಗಾಲದಲ್ಲಿ ಎಷ್ಟೋ ಬುಧವಾರ ಹೋದರು. ಒಮ್ಮೆ ಪಿಸ್ತೋಯಾದಲ್ಲಿ ಬರೀ ತರಕಾರಿ ಸಂತೆ ಸುತ್ತಿ ಬಂದರು. ಒಮ್ಮೆ ರೈಲು ಕೆಟ್ಟು ಹೆಸರೇ ಗೊತ್ತಿರದ ಸ್ಟೇಷನ್ನಿನಲ್ಲಿ ಮೂವರೂ ಇಸ್ಪೀಟಾಡಿದರು. ಅಂಗಡಿಯ ಕಿಟಕಿಯಲ್ಲೂ ಫೋಸ್ಕಾ ಬದಲಾದಳು. ಗೈಡೋ, ಸ್ವಂತವೋ ಎಂದು ಕೇಳಿದವರನ್ನು, “ಜೊತೇಲಿ ಯಾರಿದಾರೆ? ಕಾಲು ನೋವಿದೆಯಾ? ಬಸ್ಸು ತಪ್ಪಿದ್ರೆ ನಗ್ತೀರೋ, ಅಳ್ತೀರೋ?” ಎಂದು ವಿಚಾರಿಸುವಳು. ಅಳುವವರಿಗೆ ಗೈಡ್ ಬಸ್ಸು. ಉಳಿದವರಿಗೆ ಬಸ್ಸಿನ ಹೊತ್ತನ್ನು ದುಂಡಗಿನ ಅಕ್ಷರದಲ್ಲಿ ಬರೆದು ಕೊಡುವಳು, ಶಾಲೆಗೆ ರಜವಿದ್ದರೆ ಅದನ್ನೂ ಸೇರಿಸಿ.

ಫೆಬ್ರವರಿಯಲ್ಲಿ ಗ್ವಾಲ್ತಿಯೇರೊ ಬಂದ. “ಕಹಳೆ, ಒಳ್ಳೇ ಸುದ್ದಿ! ಕಂಪನಿಯವ್ರು ಕರೀತಿದಾರೆ. ನೀನು ಬಸ್ಸಲ್ಲಿ ಕೂತು ಮೈಕಲ್ಲಿ ಮಾತಾಡಿದ್ರೆ ಸಾಕಂತೆ. ಕೆಳಗಿಳಿದ ಮೇಲೆ ಕೂಗೋಕೆ ಒಂದು ಹುಡುಗೀನ ಇಡ್ತಾರಂತೆ.”

ಫೋಸ್ಕಾ ಆಸೆಯಿಂದಲೇ ಕೇಳಿಸಿಕೊಂಡಳು. ಬಸ್ಸಿನ ಮುಂದಿನ ಸೀಟು, ತಿರುವಿನಲ್ಲಿ ಕಾಣುವ ಗೋಪುರಗಳು, ಎಲ್ಲ ಕಣ್ಣ ಮುಂದೆ ಬಂದವು. “ಯಾವ್ಯಾವ ದಿನ?” ಎಂದಳು.

“ಸೋಮವಾರ ಬಿಟ್ಟು ಎಲ್ಲಾ ದಿನ.”

“ಬುಧವಾರ ಆಗಲ್ಲ.”

“ತಲೆ ಕೆಟ್ಟಿದ್ಯಾ? ಬುಧವಾರ ಅಂಥಾದ್ದೇನಿದೆ ನಿಂಗೆ?”

ಅವಳು ಅವನ ಸಿಗರೇಟಿನ ಪೊಟ್ಟಣವನ್ನು ಮುಂದಕ್ಕೆ ಸರಿಸಿದಳು. ಗ್ವಾಲ್ತಿಯೇರೊ ಅವಳ ಮುಖವನ್ನೇ ನೋಡಿ, “ಆಗ್ಲಿ ಬಿಡು. ಯಾರೋ ಅದೃಷ್ಟವಂತರು” ಎಂದು ಹೋದ.

ಏಪ್ರಿಲ್‌ನಲ್ಲಿ ಒಂದು ಬುಧವಾರ ಬೆಳಗ್ಗೆ ಎರ್ಸೀಲಿಯಾ ಒಬ್ಬಳೇ ಬಂದಳು. ಕೈಯಲ್ಲಿ ಬಿಳಿ ಕೋಲು.

“ಕೋಲ್ಲೆಗೆ ಒಂದೇ ಟಿಕೆಟ್” ಎಂದಳು.

ಆ ವಾರ ಮೂವರ ಪ್ರವಾಸವಿರಲಿಲ್ಲ; ಫೋಸ್ಕಾ ಅಂದು ಅಲ್ವಾರೊನ ಲೆಕ್ಕಕ್ಕೆ ಕೈಜೋಡಿಸಲು ಒಂದು ಗಳಿಗೆ ಬಂದಿದ್ದಳಷ್ಟೇ. “ದೆಲ್ಫೀನಾ ಎಲ್ಲಿ?”

“ನಿದ್ದೇಲಿದಾಳೆ. ಹೇಳಿದ್ರೆ ಬಿಡ್ತಿದ್ಲಾ? ಅಡುಗೆಮನೆ ಮೇಜಿನ ಮೇಲೆ ಚೀಟಿ ಬರೆದಿಟ್ಟು ಬಂದಿದೀನಿ. ಅಕ್ಷರ ಒಂದರ ಮೇಲೊಂದು ಕೂತಿರತ್ತೆ, ಓದ್ಕೊಳ್ಳಲಿ.”

“ನಾನೂ ಬರ್ತೀನಿ, ಇರಿ.”

“ಬೇಡ ಫೋಸ್ಕಾ. ಆರು ವರ್ಷದಿಂದ ಯಾರಾದ್ರೂ ಒಬ್ರು ನನ್ನ ತೋಳು ಹಿಡಿದೇ ಇದಾರೆ. ನೀನು ಚೆನ್ನಾಗಿ ಹಿಡೀತೀಯ, ಇಲ್ಲ ಅನ್ನಲ್ಲ. ಆದ್ರೂ ಒಂದ್ಸಲ ಬಿಟ್ಟು ನೋಡ್ಬೇಕು. ಲಿಫ್ಟಿಂದ ಹೊರಗೆ ಬಂದ್ರೆ ಎಡಕ್ಕೆ, ನೂರಾ ಹನ್ನೆರಡು ಹೆಜ್ಜೆ, ಆಮೇಲೆ ತಂಪು ಗಾಳಿ ಬಂದ್ರೆ ಕಮಾನು. ಎಲ್ಲಾ ಗೊತ್ತಿದೆ.”

ಫೋಸ್ಕಾಳ ಕೈ ಟಿಕೆಟ್ಟಿನ ಕಟ್ಟಿನ ಮೇಲೆ ಹಾಗೇ ನಿಂತಿತು. ಕೊಡದಿದ್ದರೆ ಇವಳು ಪಕ್ಕದ ಅಂಗಡಿಗೆ ಹೋಗುತ್ತಾಳೆ. ಕೊಟ್ಟರೆ? ಮೆಟ್ಟಿಲು, ಮೋಟರ್ ಸೈಕಲ್ಲು, ಎಲ್ಲ ನೆನಪಾಯಿತು. ಕೊನೆಗೆ ಹರಿದು ಕೊಟ್ಟಳು. ಎರ್ಸೀಲಿಯಾ ಕೋಲು ತಟ್ಟುತ್ತ ಬಸ್ಸಿನತ್ತ ಹೋದಳು. ಬಸ್ಸು ಗುರುಗುಟ್ಟತೊಡಗಿದಾಗ ಫೋಸ್ಕಾಳಿಗೆ ತಡೆಯಲಾಗಲಿಲ್ಲ. “ಅಲ್ವಾರೊ, ದೆಲ್ಫೀನಾ ಫೋನ್ ಮಾಡಿದ್ರೆ ನಾನು ಅದೇ ಬಸ್ಸಲ್ಲಿದೀನಿ ಅಂತ ಹೇಳು” ಎಂದು ಓಡಿ, ಹಿಂದಿನ ಬಾಗಿಲಿನಿಂದ ಹತ್ತಿ, ಕೊನೆಯ ಸೀಟಿನಲ್ಲಿ ಏದುಸಿರು ಅಡಗಿಸಿಕೊಳ್ಳುತ್ತ ಕೂತಳು.

ಒಂದು ಗಂಟೆಯ ದಾರಿ. ಎರ್ಸೀಲಿಯಾ ಒಮ್ಮೆಯೂ ಹಿಂದೆ ತಿರುಗಲಿಲ್ಲ. ಕೋಲ್ಲೆಯಲ್ಲಿ ಇಳಿಯುವಾಗ ಮಾತ್ರ ಮೆಟ್ಟಿಲ ಮೇಲೆ ನಿಂತು, ಯಾರಿಗೋ ಎಂಬಂತೆ ಗಟ್ಟಿಯಾಗಿ ಹೇಳಿದಳು: “ಹಿಂದಿನ ಸೀಟಲ್ಲಿ ಸೀಟಿ ಹೊಡೆದ ಹಾಗೆ ಉಸಿರಾಡ್ತಾ ಬಂದೋರು ಇಲ್ಲೇ ಚೌಕದಲ್ಲಿ ಕಾಫಿ ಕುಡೀತಾ ಇರ್ಲಿ. ನಾಲ್ಕು ಗಂಟೆ ಬಸ್ಸಿಗೆ ಬರ್ತೀನಿ.”

ಫೋಸ್ಕಾ ಕೆಳಗಿಳಿದು ಹೋಟೆಲಿನ ಹೊರಗಿನ ಮೇಜಿನಲ್ಲಿ ಕೂತಳು. ಲಿಫ್ಟಿನ ಬಾಗಿಲು ಮುಚ್ಚಿಕೊಂಡದ್ದು ಅಲ್ಲಿಂದಲೇ ಕಂಡಿತು. ಎರಡು ಸಲ ಎದ್ದಳು, ಎರಡು ಸಲ ಕೂತಳು. ಹುಡುಕಲು ಹೊರಟರೆ ಈ ಒಂದು ದಿನವನ್ನು ಅವಳ ಕೈಯಿಂದ ಕಸಿದಂತೆ ಎಂದು ಗೊತ್ತಿತ್ತು. ಗೊತ್ತಿದ್ದರೂ ಕಾಲು ಕೇಳಬೇಕಲ್ಲ? ನಲವತ್ತು ಜನರನ್ನು ಒಂದು ಕೊಡೆ ಎತ್ತಿ ಹಿಂಬಾಲಿಸುವಂತೆ ಮಾಡುವುದು ಇದಕ್ಕಿಂತ ಎಷ್ಟೋ ಸುಲಭವಿತ್ತು. ಮೂರು ಕಾಫಿ ಕುಡಿದಳು. ಮಧ್ಯಾಹ್ನ ಹೋಟೆಲಿನವಳು ಕೇಳದೆಯೇ ರೊಟ್ಟಿ ನೆನೆಸಿದ ಬೀನ್ಸ್ ಕಾಳಿನ ಸಾರು ತಂದಿಟ್ಟು, “ಯಾರ್ಗೋ ಕಾಯ್ತಾ ಇದೀರ, ತಿನ್ನಿ” ಎಂದಳು.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಕೋಲಿನ ಸದ್ದು ಕೇಳಿಸಿತು. ಎರ್ಸೀಲಿಯಾಳ ಒಂದು ಮೊಣಕಾಲಿನ ಹತ್ತಿರ ಲಂಗಕ್ಕೆ ಮಣ್ಣು ಮೆತ್ತಿತ್ತು. ಮುಖ ಮಾತ್ರ ಹಬ್ಬದ ದಿನದ್ದು.

“ಬಿದ್ರಾ?” ಫೋಸ್ಕಾ ಗಾಬರಿಯಾದಳು.

“ಬಿದ್ದೆ. ನೂರಾ ಹನ್ನೆರಡಲ್ಲ ಅದು, ನೂರಾ ಹದಿನಾಲ್ಕು. ನೀನು ಜೊತೇಲಿದ್ದಾಗ ಉದ್ದುದ್ದ ಹೆಜ್ಜೆ ಹಾಕ್ತೀಯ ಅಂತ ಕಾಣತ್ತೆ.”

ವಾಪಸ್ಸು ಬರುವಾಗ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ದೆಲ್ಫೀನಾ ಬಸ್‌ಸ್ಟ್ಯಾಂಡಿನಲ್ಲಿ ಅಳುತ್ತ, ಬಯ್ಯುತ್ತ, ಒಂದು ಸ್ವೆಟರು ಹಿಡಿದು ಕಾದಿರುತ್ತಾಳೆಂದು ಇಬ್ಬರಿಗೂ ಗೊತ್ತಿತ್ತು. ಎರ್ಸೀಲಿಯಾ ಮಾತು ನಿಲ್ಲಿಸಲೇ ಇಲ್ಲ. ಕಮಾನು ದಾಟಿದ ಮೇಲೆ ಬಲಕ್ಕೆ ಒಂದು ಇಳಿಜಾರಿದೆಯಂತೆ, ಅಲ್ಲಿ ಯಾರೋ ಪೀಪಾಯಿ ತೊಳೆಯುತ್ತಿದ್ದರಂತೆ, ಹುಳಿ ವಾಸನೆ. ಅದರ ಕೊನೆಗೆ ಮೋಟುಗೋಡೆ. ಕೈಯಿಟ್ಟರೆ ಬಿಸಿಲಿಗೆ ಕಾದ ಕಲ್ಲು. ಅದರಾಚೆ ಏನೂ ಇಲ್ಲ, ಬರೀ ಗಾಳಿ. ಬಹಳ ಕೆಳಗೆ ಎಲ್ಲೋ ಒಂದು ನಾಯಿ ಬೊಗಳುತ್ತಿತ್ತಂತೆ.

“ಆ ಗೋಡೆ ಹತ್ರ ನಾವು ಯಾವತ್ತೂ ಹೋಗಿಲ್ಲ” ಎಂದಳು ಫೋಸ್ಕಾ.

“ಇಲ್ಲ. ಅದಕ್ಕೇ ಹೇಳ್ತಿರೋದು. ಕೇಳ್ಕೊ. ಅಲ್ಲಿಂದ ಎಡಕ್ಕೆ ತಿರುಗಿದ್ರೆ...”

ಫೋಸ್ಕಾ ಕಣ್ಣು ಮುಚ್ಚಿಕೊಂಡು ಅವಳ ತೋಳಿಗೆ ಒರಗಿ, ಎಡಕ್ಕೆ ತಿರುಗಿದರೆ ಏನಿದೆಯೆಂದು ಕೇಳುತ್ತ ಕೂತಳು.