ಅಚ್ಚಿನ ಅಂಕ

ದಂತ ಕಾಲೇಜಿನಲ್ಲಿ ಕೃತಕ ಹಲ್ಲು ಕೂರಿಸುವ ವಿಭಾಗದ ಪಿಜಿ ವಿದ್ಯಾರ್ಥಿಗಳು ಕೊನೆಯ ಪರೀಕ್ಷೆಗೆ ಹಲ್ಲಿಲ್ಲದ ರೋಗಿಯೊಬ್ಬರನ್ನು ತಾವೇ ಹುಡುಕಿ ತರಬೇಕು. ಪರೀಕ್ಷಕರ ಎದುರು ಆ ಬಾಯಿಯ ಅಚ್ಚು ತೆಗೆಯಬೇಕು. ನನಗೆ ಸಿಕ್ಕವರು ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಮಾರುವ, ಎಲ್ಲರೂ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುವ ಹೆಂಗಸು. ಅವರನ್ನು ಮೊದಲು ಕಂಡದ್ದು ಕಲಬುರಗಿಯಲ್ಲಿ, ರೋಜಾ ಬಡಾವಣೆಯ ಹತ್ತಿರದ ದಂತ ಶಿಬಿರದಲ್ಲಿ ಎಂದು ಒಂದು ನೆನಪು. ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಎಂದು ಇನ್ನೊಂದು. ಎರಡರಲ್ಲೂ ಅವರ ಮಾತು ಅಕ್ಷರಶಃ ಒಂದೇ. ಹಾಗಾಗಿ ಎರಡನ್ನೂ ನಂಬುವುದಿಲ್ಲ.

ಹಳೆಯ ಹಲ್ಲಿನ ಸೆಟ್ ಹಾಕಿದವರ ಒಸಡು ಒತ್ತಿಹೋಗಿರುತ್ತದೆ, ಅಚ್ಚು ತಪ್ಪಾಗುತ್ತದೆ. ಅಚ್ಚಿಗೆ ಮೊದಲು ಒಂದು ದಿನವಾದರೂ ಸೆಟ್ ತೆಗೆದಿಡಬೇಕು. ಪಿಜಿ ಪ್ರವೇಶ ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದಿತ್ತು. ನಾಲ್ಕು ಉತ್ತರಗಳಲ್ಲಿ ಸರಿಯಾದದ್ದನ್ನೇ ಒತ್ತಿದ್ದೆ. ಖಾಲಾಗೂ ಮೂರು ಸಲ ಫೋನ್ ಮಾಡಿ ಹೇಳಿದ್ದೆ.

ಪರೀಕ್ಷೆಯ ದಿನ ಅವರು ಮುಸುಕು ಸರಿಸಿ ನಕ್ಕರು. ಬಾಯಿ ತುಂಬ ಹಲ್ಲು.

“ಖಾಲಾ, ಸೆಟ್ ಯಾಕ ಹಾಕ್ಕೊಂಡ್ ಬಂದ್ರಿ?”

“ದೊಡ್ಡ ದೊಡ್ಡ ಡಾಕ್ಟರ್ ಸಾಬರು ಬರ್ತಾರಂದಿ ಬೇಟಿ. ಬೊಚ್ಚ ಬಾಯಿ ತಗೊಂಡ್ ಬಂದ್ರ ನಿನ್ನ ಇಜ್ಜತ್ ಏನ್ ಉಳೀತದ?”

ಸೆಟ್ ತೆಗೆಸಿದೆ. ಅಂಗುಳ ಕೆಂಪಗಿತ್ತು; ಸೆಟ್ಟಿನ ಅಂಚು ಗೆರೆ ಎಳೆದಂತೆ ಮೂಡಿತ್ತು. ಹೊರಗಿನಿಂದ ಬಂದ ಪರೀಕ್ಷಕರು ಟಾರ್ಚ್ ಹಿಡಿದು ನೋಡಿದರು.

“ಒಂದು ದಿನ ತೆಗೆದಿಟ್ಟಿದ್ರಾ?”

“ಎರಡ್ ದಿನ ಸಾಬ್!” ಎಂದರು ಖಾಲಾ. ಪಕ್ಕದ ಬಟ್ಟಲಲ್ಲಿ ಸೆಟ್ ಇನ್ನೂ ಎಂಜಲಿನಿಂದ ಹೊಳೆಯುತ್ತಿತ್ತು.

“ಇಲ್ಲ ಸರ್,” ಎಂದೆ, “ಈಗಷ್ಟೇ ತೆಗೆಸಿದೆ.” ಧೈರ್ಯದಿಂದ ಹೇಳಿದೆ ಎಂದು ನನ್ನ ನೆನಪು. ಅಳುತ್ತ ಹೇಳಿದೆ ಎಂದು ಪಕ್ಕದ ಕುರ್ಚಿಯಲ್ಲಿ ಪರೀಕ್ಷೆ ಕೊಡುತ್ತಿದ್ದ ಗೆಳತಿಯ ನೆನಪು.

“ಹಾಗಾದ್ರೆ ಈಗ ಏನ್ ಮಾಡ್ತೀರಿ?”

“ಇವತ್ತು ಅಚ್ಚು ತೆಗೆಯಲ್ಲ ಸರ್.”

“ಸರಿಯಾದ ಉತ್ತರ,” ಎಂದ ಅವರು, ‘ಅಚ್ಚು’ ಎಂಬ ಕಾಲಮ್ಮಿನಲ್ಲಿ ಸೊನ್ನೆ ಬರೆದರು. ಉತ್ತರಕ್ಕೆ ಕಾಲಮ್ ಇರಲಿಲ್ಲ.

ಫಲಿತಾಂಶ ಬಂದ ಮೇಲೆ ಕಮಲಾಪುರಕ್ಕೆ ಹೋದೆ.

“ಫೇಲ್ ಆದೆ ಖಾಲಾ. ಮತ್ತ ಆರು ತಿಂಗಳಿಗೆ ಪರೀಕ್ಷಾ.”

“ನಾ ಎರಡ್ ದಿನ ಅಂದಿದ್ನಲ್ಲ! ನೀ ಯಾಕ ನಡಕ್ ಬಾಯಿ ಹಾಕ್ದಿ?”

ಸ್ವಲ್ಪ ಹೊತ್ತು ಬಾಳೆಹಣ್ಣಿನ ಮೇಲಿನ ನೊಣ ಓಡಿಸಿದರು. ಆಮೇಲೆ ಅತ್ತ ತಿರುಗಿ ಸೆಟ್ ತೆಗೆದು, ಕರ್ಚೀಫಿನಲ್ಲಿ ಸುತ್ತಿ ನನ್ನ ಕೈಗಿಟ್ಟರು.

“ನೀನೇ ಇಟ್ಕೋ. ಪರೀಕ್ಷಾ ಆಗೋತನ ಹಾಕಲ್ಲ.”

“ಒಂದ್ ದಿನ ಸಾಕು ಖಾಲಾ.”

“ಒಂದ್ ದಿನ ಸಾಕಾಗ್ತಿದ್ರ ನೀ ಫೇಲ್ ಯಾಕ ಆಗ್ತಿದ್ದಿ?”

ವಾರ ಬಿಟ್ಟು ವಾಪಸ್ ಕೊಡಲು ಹೋದೆ. ಅವರು ಬೊಚ್ಚ ಬಾಯಲ್ಲೇ ಗಿರಾಕಿಯೊಡನೆ ಚೌಕಾಸಿಗಿಳಿದಿದ್ದರು. ನಾನು ಚಾಚಿದ ಸೆಟ್ ಮುಟ್ಟಲಿಲ್ಲ.